ಹೇಳಿದ್ದನ್ನೇ ಹೇಳಬೇಕು

ಸೊಲ್ಲಾಪುರದ ಈ ಕೋಣೆಗೆ ಗೋಡೆ ಎರಡು ಪದರು,
ನಡುವೆ ಅರಳೆ. ಅಶೋಕ ಚೌಕದ ಆಟೋ ಹಾರ್ನು
ಬಾಗಿಲ ತನಕ ಬಂದು ಚಪ್ಪಲಿ ಬಿಟ್ಟು ನಿಲ್ಲುತ್ತದೆ.
ಗಾಜಿನಾಚೆ ಸ್ಟೂಲಿನ ಮೇಲೆ ನಿಂಬೆವ್ವ ಹತ್ತುರೆ,
ಊರು ಮೈಂದರ್ಗಿ, ವಯಸ್ಸು "ಅರವತ್ತು ಬರ್ಕೋರಿ",
ಮೂವತ್ತೆರಡು ವರ್ಷ ಪವರ್‌ಲೂಮಿನಲ್ಲಿ ಕಂಡಿಕೆ ತುಂಬಿದವಳು.
ಹೆಡ್‌ಫೋನಿನ ಕೆಂಪು ಬಲಕ್ಕೆ, ನೀಲಿ ಎಡಕ್ಕೆ.

ನನ್ನ ಕೈಯಲ್ಲಿ ಇಪ್ಪತ್ತೈದು ಮರಾಠಿ ಶಬ್ದಗಳ ಹಾಳೆ.
ಅದೇ ಹಾಳೆಯಿಂದ ತುಟಿ ಮರೆಮಾಡಿ ಓದಬೇಕು;
ಮಗ್ಗದ ಹೆಂಗಸರು ತುಟಿ ನೋಡಿಯೇ ಮಾತು ಕೇಳುವವರು.
"ನಾ ಅಂದದ್ದನ್ನ ನೀವು ಅನ್ರಿ, ಆಯಿ."
"ಆತ್ರಿ ಬಾಯಿ."

ಪಾಣಿ, ಅಂದೆ.
ನೀರು, ಅಂದಳು.
ಘರ. ಮನಿ.
ಕಾಂದಾ. ಉಳ್ಳಾಗಡ್ಡಿ.
ದೂಧ. ಹಾಲು. ಎಮ್ಮಿದೊ, ಆಕಳದೊ?

ಹಾಳೆಯಲ್ಲಿ ಎರಡೇ ಮನೆ: ಸರಿ, ತಪ್ಪು.
ನನ್ನ ಪೆನ್ನು ನಡುವಿನ ಗೆರೆಯ ಮೇಲೆ ನಿಂತು
ಅಲ್ಲೇ ಒಂದು ಚುಕ್ಕಿ ದೊಡ್ಡದಾಯಿತು.

ಕೇಳಿಸಿದೆ. ಕೇಳಿಸದೆ ಹಾಲಾಗುವುದು ಹೇಗೆ?
ಕಿವಿಯ ಸುರುಳಿಯನ್ನು ಮರಾಠಿಯಾಗಿಯೇ ಹೊಕ್ಕ ಶಬ್ದ
ಮೆದುಳಿನ ಯಾವುದೋ ಓಣಿಯಲ್ಲಿ ತಿರುಗಿ
ಬಾಯಿಗೆ ಬರುವಷ್ಟರಲ್ಲಿ ಸೀರೆ ಬದಲಿಸಿದೆ.
ಎಲ್ಲಿ ಬದಲಿಸಿತೆಂದು ಅವಳನ್ನೇ ಕೇಳಿದರೆ
"ನೀವು ಅಂದದ್ದನ್ನೇ ಅಂದ್ನಲ್ರೀ" ಎಂದು ಸಿಟ್ಟಾದಳು.
ಸುಳ್ಳೇನಲ್ಲ.

ತೂಪ, ಅಂದೆ. ತುಪ್ಪ, ಅಂದಳು.
ಇದಕ್ಕೇನು ಹಾಕಲಿ?
ಪಕಾರಕ್ಕೆ ಒತ್ತು ಕೊಟ್ಟದ್ದು ಕಿವುಡೋ, ಕನ್ನಡವೋ?

ಸಾಲ, ಅಂದೆ. ಹಾಳೆಯ ಪ್ರಕಾರ ಅದು ಸಿಪ್ಪೆ.
"ತೀರೇತ್ರಿ, ಹ್ವಾದ ದೀಪಾವಳಿಗೇ."
ಉಡೀ, ಅಂದೆ. ಹಾಳೆಯ ಪ್ರಕಾರ ಜಿಗಿತ.
ಅವಳು ಏನೂ ಅನ್ನಲಿಲ್ಲ. ಸೆರಗಿನ ತುದಿ
ಎರಡೂ ಕೈಯಲ್ಲಿ ಹಿಡಿದು ಗಾಜಿನತ್ತ ಚಾಚಿದಳು,
ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ
ನಾನೇ ಹಾಕುತ್ತೇನೆಂಬಂತೆ.

ಒಂದು ಕಿವಿ ಪರೀಕ್ಷಿಸುವಾಗ ಇನ್ನೊಂದು ನೆರವಿಗೆ ಬಾರದಿರಲೆಂದು
ಆ ಕಡೆ ಹುಸ್ಸೆನ್ನುವ ಗದ್ದಲ ಬಿಡುತ್ತೇವೆ.
ಅದಕ್ಕೊಂದು ತಿರುಪು ಇದೆ.
ಒಂದು ಭಾಷೆ ಪರೀಕ್ಷಿಸುವಾಗ ಇನ್ನೊಂದರ ಮೇಲೆ ಬಿಡುವ ಗದ್ದಲ
ಈ ಯಂತ್ರದಲ್ಲಿಲ್ಲ.
ಅವಳ ಕಾರಖಾನೆಯಲ್ಲಿ ಮಾಲಕ ಬೈಯುವುದು ತೆಲುಗು,
ಹಾಜರಿ ಮರಾಠಿ, ಕಂಡಿಕೆಯಿಂದ ಕಂಡಿಕೆಗೆ ಕನ್ನಡ,
ಎಲ್ಲದರ ಮೇಲೂ ಮಗ್ಗ,
ದಿನಾ ಎಂಟು ತಾಸು ಬಡಿದು ಬಡಿದು ನೋಡಿತು.
ಕಿವಿ ಹೋಯಿತು. ಇದು ಹೋಗಲಿಲ್ಲ.

ನನ್ನದೇನು ಬೇರೆ?
ಪಗಾರ ಎಣಿಸುವುದು ಮರಾಠಿಯಲ್ಲಿ,
ನೋಟು ಒಂದು ಕಡಿಮೆ ಬಿದ್ದರೆ ಬಾಯಿಗೆ ಬರುವುದು ಕನ್ನಡ.
ಹನ್ನೆರಡು ವರ್ಷ ಮನೆಯಿಂದ ಹೊರಟದ್ದು ಸಾಲಿಗೆ,
ಹೋಗಿ ಮುಟ್ಟಿದ್ದು ಶಾಳೆಗೆ.

ಇಪ್ಪತ್ತೆರಡನೆಯದು: ಖಂತ.
ಅವಳು ಅಲುಗಲಿಲ್ಲ. ಹೆಡ್‌ಫೋನನ್ನು ಒತ್ತಿ ಹಿಡಿದು,
ಮೊದಲ ಸಲ, ನನ್ನ ಸ್ವರದಲ್ಲೇ, ನನ್ನ ಅಳತೆಯಲ್ಲೇ
"ಖಂತ," ಅಂದಳು.
ಸರಿಯ ಮನೆಯಲ್ಲಿ ಗುರುತು ಹಾಕಿದೆ. ಅದೊಂದೇ.
"ಹಂಗಂದ್ರ ಏನ್ರಿ ಬಾಯಿ?"

ನನಗೆ ಗೊತ್ತು. ಅದರ ತೂಕ ಗೊತ್ತು, ಎದೆಯಲ್ಲಿ ಅದು ಕೂರುವ ಜಾಗ,
ಅವ್ವ ಅದನ್ನು ಯಾರ ಮದುವೆ ಮುಗಿಸಿ ಬಂದ ರಾತ್ರಿ ಅಂದಿದ್ದಳು,
ಅನ್ನುವಾಗ ಕೈಯಲ್ಲಿ ಏನಿತ್ತು, ಎಲ್ಲ ಗೊತ್ತು.
ಶಬ್ದ ಮಾತ್ರ ಬರಲಿಲ್ಲ.
ಹಾಳೆ ಕೆಳಗಿಳಿಸಿ ಬಾಯಿ ತೆರೆದು ಕೂತೆ.
ಗಾಜಿನಾಚೆ ಅವಳು
ನನ್ನ ತುಟಿ ನೋಡುತ್ತ ಕಾದಳು.

ರಿಪೋರ್ಟಿನಲ್ಲಿ ನೂರಕ್ಕೆ ನಾಲ್ಕು.
ಸಹಿಗೆ ಇನ್ನೂ ಕಳಿಸಿಲ್ಲ.
ಐದೂವರೆಯ ಮೈಂದರ್ಗಿ ಬಸ್ಸು ಹೋದ ಮೇಲೆ
ನಳದ ಕೆಳಗೆ ಊಟದ ಡಬ್ಬಿ ತೊಳೆಯುವಾಗ
ಬಂತು, ಯಾರೂ ಕೇಳದ ಹೊತ್ತಿಗೆ:
ಹಳಹಳಿ.