ವಾಯಿದೆ

ಡಿಸೆಂಬರ್ ಹದಿನೈದು, ಸಂಜೀ ಆರೂವರಿ.
ನೂರಕ್ಕ ಆರು ಮಂದೀನ ತಗೊಳ್ಳೋ ವಿಶ್ವವಿದ್ಯಾಲಯದಿಂದ
ಪತ್ರ ಬಂತು. ಮೊದಲ ಸುತ್ತಿಗೇ ಅರ್ಜಿ ಹಾಕಿದ್ದೆ.
ಹೌದು ಅಂತ ಇರಲಿಲ್ಲ ಅದರಾಗ.
ಇಲ್ಲ ಅಂತಲೂ ಇರಲಿಲ್ಲ.
'ನಿಮ್ಮ ಅರ್ಜಿಯ ನಿರ್ಧಾರವನ್ನು ಮಾರ್ಚಿಗೆ ಮುಂದೂಡಲಾಗಿದೆ.'
ಇಷ್ಟ. ಕೆಳಗ ಯಾರದೋ ಸಹಿ, ಬಾಲ ಉದ್ದ.

ನಾಕು ಸಲ ಓದಿದೆ. ಐದನೇದಕ್ಕ
ಅಪ್ಪನ ಕೈಗೆ ಫೋನ್ ಕೊಟ್ಟೆ.
ಕಲಬುರಗಿ ಕೋರ್ಟಿನ ಬೇವಿನ ಗಿಡದ ಕೆಳಗ
ಇಪ್ಪತ್ತೆರಡು ವರ್ಷ ಟೈಪ್ ಮಾಡಿದ ಬೆರಳು
ಅಕ್ಷರದ ಮ್ಯಾಲ ಒಂದೊಂದಾಗಿ ನಡದವು.
ಚಾಳೀಸು ತಗದ, ಒರಸಿದ, ಅಂದ:
'ವಾಯಿದಾ ಕೊಟ್ಟಾರ ಬಿಡವ್ವಾ.
ಕೇಸ್ ಖಾರಿಜ ಆಗಿಲ್ಲಲ್ಲ.'

ನಗು ಬಂತು. ಬರಬಾರದಿತ್ತು.
ಘತ್ತರಗಿ ದೇವಿಗೆ ಹರಕಿ ಹೊತ್ತು
ಭಾಗ್ಯವಂತಿ ಅಂತ ಹೆಸರಿಟ್ಟಾರ ನನಗ.
ಆಕಿ ಭೀಮಾ ದಂಡಿಗೆ ಕೂತು
ಎಲ್ಲಾರ ಅರ್ಜೀನೂ ತಗೋತಾಳ,
ತಾರೀಖು ಮಾತ್ರ ಹೇಳೂದಿಲ್ಲ.

ರಾತ್ರಿ ಮಾಳಿಗಿ ಮ್ಯಾಲ, ತಣ್ಣನ ಶಹಾಬಾದ ಫರಸಿ ಮ್ಯಾಲ
ಅಂಗಾತ ಬಿದ್ದು ಲೆಕ್ಕಾ ಹಾಕಿದೆ:
ಭೌತಶಾಸ್ತ್ರದಾಗ ಹೋದ ಎಂಟು ಅಂಕ,
ಪ್ರಬಂಧದ ಮೂರನೇ ಪ್ಯಾರಾ,
ಸಂದರ್ಶನದಾಗ 'ನಿಮ್ಮ ಊರಿನ ಬಗ್ಗೆ ಹೇಳಿ' ಅಂದಾಗ
'ಬಿಸಲು' ಅಂದು ನಾ ಸುಮ್ಮಾದದ್ದು.

ತಹೂರಾ ಮೂರು ದಿನ ಫೋನ್ ಎತ್ತಲಿಲ್ಲ.
ಆಕೀಗೆ ಹೌದು ಬಂದದ.
ಕಳುವಿನ ಮಾಲಿನಂಗ ಮುಚ್ಚಿಟ್ಟಾಳ.
ಓಣಿ ತಿರುವಿನಾಗ ಬ್ಯಾಟ್ ಹಿಡಕೊಂಡು ನಿಂತಿದ್ದ ಆಕಿ ತಮ್ಮ
ಬಾಯಿ ತಪ್ಪಿ ಅಂದುಬಿಟ್ಟ.
ಮನಿಗೆ ಬಂದು ಬಟ್ಟಿ ಒಗದೆ.
ಒಗದದ್ದನ್ನೇ ಮತ್ತ ಒಗದೆ.

ಎಳ್ಳ ಅಮಾಸಿಗೆ ಸೋದರತ್ತಿ ಹೊಲದಾಗ
ಭಜ್ಜಿ, ಸಜ್ಜಿ ಕಡಬು, ಹಸರ ಕಡ್ಲಿ ಗಿಡ, ಹನ್ನೆರಡು ಮಂದಿ ಬೀಗರು.
'ಏನಾತವ್ವಾ ನಿಂದು?'
ಆಗಿಲ್ಲ ಅಂದ್ರ ಅಯ್ಯ ಅಂತಾರ,
ಆಗಬಹುದು ಅಂದ್ರ ಪೇಢಾ ಕೇಳ್ತಾರ.
ಮುಂದೂಡ್ಯಾರ ಅಂದ್ರ, ಯಾರನ್ನ, ಎಲ್ಲಿಗೆ ಅಂತಾರ.
ಒಂದು ಇಡೀ ಕಡಬು ಬಾಯಾಗ ಇಟ್ಕೊಂಡೆ.
ತುಂಬಿದ ಬಾಯಿಗೆ ಯಾರೂ ಜವಾಬು ಕೇಳೂದಿಲ್ಲ.

ಮರುದಿನ ಕಪನೂರಿನ ದಾಲ್ ಮಿಲ್ಲಿಗೆ
ಚಿಗವ್ವನ ಬುತ್ತಿ ಒಯ್ದೆ.
ತೊಗರಿ ರೋಲಿನಾಗ ಉರುಳಿ, ಸಿಪ್ಪಿ ಬಿಟ್ಟು,
ಎರಡು ಹೋಳಾಗಿ ಜಾಳಗಿ ದಾಟಿ ಹೊಂಟಿತ್ತು.
ಕೆಲವು ಮಾತ್ರ ಹಂಗ ಉಳದಿದ್ದವು, ಇಡೀ, ಗುಂಡಗ.
'ಇವಕ್ಕ ಗೋಟಾ ಅಂತಾರ.'
'ಚೆಲ್ತೀರೇನು?'
'ಹುಚ್ಚಿ, ಚೆಲ್ಲೂದ್ಯಾಕ? ಎಣ್ಣಿ ಹಚ್ಚಿ, ನೀರು ಚಿಮುಕಿಸಿ,
ಬಿಸಲಿಗೆ ಹಾಕಿ ಮತ್ತ ರೋಲಿಗೆ.'
'ಮತ್ತೂ ಒಡೀದಿದ್ರ?'
ಚಿಗವ್ವ ರೊಟ್ಟಿ ಮುರದಳು.
ಮಷೀನಿನ ಸಪ್ಪಳದಾಗ ಕೇಳಿಸ್ತೋ ಇಲ್ಲೋ.
ಆಕಿ ಹುಬ್ಬಿನ ಮ್ಯಾಲ ಹಳದಿ ಧೂಳು.

ಪತ್ರದ ಕಡೀ ಸಾಲು ಈಗ ನೋಡಿದೆ:
'ಹೊಸ ವಿಷಯಗಳಿದ್ದರೆ ನಮಗೆ ಬರೆಯಬಹುದು.'
ಅರ್ಧವಾರ್ಷಿಕದಾಗ ತೊಂಬತ್ತೊಂದು ಅಂತ ಬರದೆ. ಅಳಿಸಿದೆ.
ನಮ್ಮ ಊರಿನ ಬಗ್ಗೆ ಕೇಳಿದ್ರಿ, ಅವತ್ತು ಪೂರಾ ಹೇಳಲಿಲ್ಲ
ಅಂತ ಬರದೆ. ಅದನ್ನ ಅಳಿಸಲಿಲ್ಲ.
ಅಪ್ಪ ಹಿಂದ ಬಂದು ನಿಂತ:
'ವಿಷಯ ಅಂತ ಮ್ಯಾಲ ಒಂದು ಸಾಲು ಹಾಕು.
ಸವಿನಯ ಪ್ರಾರ್ಥನಾ ಅಂತೆಲ್ಲಾ ಬ್ಯಾಡ,
ನೀ ಏನು ಆರೋಪಿ ಅಲ್ಲ.'

ಇನ್ನೂ ಕಳಿಸಿಲ್ಲ.
ಉಳದ ಕಡಬು ಡಬ್ಬಿಗೆ ಹಾಕಿ
ತಹೂರಾನ ಮನಿ ಬಾಗಲಾ ಬಡದೆ.
ಒಳಗ ಯಾರೋ ಓಡ್ಯಾಡಿದ ಸಪ್ಪಳ.
ಚಿಲಕ ಸರೀತು, ಅರ್ಧಕ್ಕ ನಿಂತಿತು.
'ತಗೀ, ಕಡಬು ಆರ್ತಾವ' ಅಂದೆ.
ನಿನ್ನೇನೇ ಆರಿದ್ದವು ಅವು.