ಒಂದು ಬೆರಳು

ಎಂಬತ್ತೊಂದನೆಯ ನಿಮಿಷ. ಸೊನ್ನೆಗೆ ನಾಲ್ಕು.
ಅರ್ಹತಾ ಸುತ್ತು ನಮ್ಮ ಪಾಲಿಗೆ ಮುಗಿದು
ಆಗಲೇ ತಿಂಗಳಾಗಿತ್ತು.
ಆದರೂ ಪೆನಾಲ್ಟಿ ಪೆನಾಲ್ಟಿಯೇ.

ಫಾರೋ ದ್ವೀಪದ ಗಾಳಿಗೆ
ಇಟ್ಟ ಚೆಂಡು ಇಟ್ಟಲ್ಲಿ ನಿಲ್ಲುವುದಿಲ್ಲ.
ಮೂರು ಸಲ ಇಟ್ಟ ಹನುಸ್,
ಮೂರು ಸಲವೂ ಹಗ್ಗ ಬಿಚ್ಚಿದ ಕರು.
ಕೊನೆಗೆ ನನ್ನ ಕಡೆ ನೋಡಿದ.
ಒದ್ದೆ ನೆಲದಲ್ಲಿ ಬೋರಲು ಮಲಗಿ
ಚೆಂಡಿನ ನೆತ್ತಿಗೆ ಬೆರಳಿಟ್ಟೆ.

ಹೋದ ವಾರವಷ್ಟೇ
ಮೀನಿನ ಚೂರಿಗೆ ಸಿಕ್ಕ ಬೆರಳು.
ಎದುರಿನ ಗೋಲ್‌ಕೀಪರ್ ನಕ್ಕ.
ಅವನ ಕೈಗವಸಿನ ದುಡ್ಡಿಗೆ
ನಮ್ಮೂರಲ್ಲಿ ಹಳೇ ದೋಣಿಯೊಂದು ಬಂದೀತು.
ನಗಲಿ.

ನೆಲಕ್ಕೊತ್ತಿದ ಕಿವಿಯಲ್ಲಿ
ಹನುಸನ ಬೂಟು ಹತ್ತಿರ, ಹತ್ತಿರ.
ಕಣ್ಣು ಮುಚ್ಚಿದೆ, ಬೆರಳು ತೆಗೆಯಲಿಲ್ಲ.
ಆಮೇಲೆ ಬೆರಳ ಕೆಳಗೆ
ಬರೀ ಗಾಳಿ.

ಒಂದಕ್ಕೆ ನಾಲ್ಕು.
ಪತ್ರಿಕೆಯಲ್ಲಿ ಹನುಸನ ಹೆಸರು, ತಪ್ಪು ಕಾಗುಣಿತದಲ್ಲಿ;
ಪಟ್ಟಿಯ ತಳದಲ್ಲಿ ನಾವು, ಸರಿಯಾಗಿ.

ಸೋಮವಾರ ಕಾರ್ಖಾನೆಯಲ್ಲಿ
ಮಂಜುಗಡ್ಡೆ ಸುರಿಯುತ್ತಿದ್ದ ಬಿರಿಟಾ
ಸಲಿಕೆ ನಿಲ್ಲಿಸಿ ಕೇಳಿದಳು:
ಯಾವ ಬೆರಳು?

ತೋರಿಸಿದೆ.
ಗವಸು ಕಳಚಿ, ಮುಟ್ಟಿ,
ಎಷ್ಟು ತಣ್ಣಗಿದೆ, ಅಂದಳು.