ಬ್ಯಾರೆ ಯಾವುದು?

ಬೆಟಗೇರಿಯಿಂದ ಮುಂಜಾನಿ ಐದರ ಬಸ್ಸಿಗೆ ಬಂದಿದ್ವಿ,
ಅವ್ವ, ನಾನು, ನನ್ನ ಬೆನ್ನಿಗೆ ಬಿದ್ದ ಬನಪ್ಪ.
ಇಪ್ಪತ್ತಾರು ತುಂಬ್ಯಾವು ಅವಗ.
ಕಿಸೆದಾಗ ಒಂದು ಖಾಲಿ ಕಂಡಿಕಿ,
ಮಗ್ಗದ ಮನಿ ಬಿಟ್ಟು ಹೊರಬಿದ್ದರ ಅದು ಬೇಕ ಬೇಕು.

ಧಾರವಾಡದ ದವಾಖಾನಿ. ಹನ್ನೆರಡನೇ ಖೋಲಿ.
ಮೇಡಂ ಟೇಬಲ್ಲಿನ ಮ್ಯಾಲೆ ನಾಕು ಚಿತ್ರ ಹಚ್ಚಿದರು:
ಕಾಗಿ, ಗುಬ್ಬಿ, ಗಿಳಿ, ಬಸ್ಸು.
"ಇದರಾಗ ಬ್ಯಾರೆ ಯಾವುದು, ಹೇಳು ನೋಡೋಣು."
ಮೂಲ್ಯಾಗ ಕುಂತು ನಾನು ತುಟಿ ಕಚ್ಚಿ ಹಿಡದೆ.
ಬಸ್ಸು ಅನ್ನೊ ಬನ್ಯಾ,
ಬಸ್ಸು ಅಂದುಬಿಡೊ.

ಅವ ಬಸ್ಸಿನ ಗಾಲಿ ಮ್ಯಾಲೆ ಬೆರಳಾಡಿಸಿದ,
ಕಾಗಿಯನ್ನ ಅದರ ಟಾಪಿನ ಮ್ಯಾಲೆ ಇಟ್ಟ.
"ಗಿಳಿ," ಅಂದ.
ಯಾಕ ಅಂತ ಯಾರೂ ಕೇಳಲಿಲ್ಲ.
ಪೆನ್ನು ಒಂದು ಸಣ್ಣ ಗೀಟು ಎಳೀತು.

ಬುದ್ಧಿ.
ನಮ್ಮ ಓಣ್ಯಾಗ ಈ ಶಬ್ದಕ್ಕ ಪುರಸೊತ್ತ ಇಲ್ಲ.
ಮಾಸ್ತರು ಹೇಳೋದು ಅದನ್ನ,
ಕಾಕಾ ಬಡಿಗಿ ಹಿಡದು ಕಲಸೋದೂ ಅದನ್ನ.
ಕುಡುಕಗ ಮುಂಜಾನಿ ಬರತೈತಿ, ದೀಪ ಹಚ್ಚೂ ಹೊತ್ತಿಗೆ ಹೋಗತೈತಿ.
ನಾಯಿಗೂ ಒಂದು ಐತಂತ, ಮಂಗ್ಯಾಗೂ ಒಂದು.
ನಾ ಬಿ.ಎಡ್. ಮುಗಿಸಿ ಮದುವಿ ಒಲ್ಲೆ ಅಂದಾಗ
"ಬಾಳ ಬುದ್ಧಿ ಬಂತಲ್ಲ ನಿನಗ" ಅಂದರು.
ಬೈಗಳಾಗಿತ್ತು ಅವತ್ತು.
ತಕ್ಕಡ್ಯಾಗ ಇಟ್ಟಿದ್ದು ಮಾತ್ರ ಇವತ್ತ ಕಂಡೆ:
ಹಾಳಿ ತುದಿಗೆ, ನೀಲಿ ಠಸ್ಸಿ ಪಕ್ಕಕ್ಕ,
ನಲವತ್ತೆಂಟು.

ಅವ್ವ ಕೇಳಿದಳು, "ನೂರಕ್ಕೇನ್ರೀ?"
ಮೇಡಂ ತಡವರಿಸಿದರು, "ಹಂಗಲ್ರೀ ಅಮ್ಮಾರ..."
ಅಷ್ಟರಾಗ ಅವ್ವ ನನ್ನ ಕಡೆ ಹೊಳ್ಳಿ ನಕ್ಕಳು:
"ಮೂವತ್ತೈದಕ್ಕ ಪಾಸಲ್ಲೇನು?"
ನಾ ಹೂಂ ಅಂದೆ.
ಬುದ್ಧಿ ಇದ್ದಾಕಿ ನಾ, ಹೂಂ ಅಂದೆ.

ಹೊಳ್ಳಿ ಬರೂಮುಂದ ಕಿಡಕಿ ಸೀಟು ಅವಂದ.
ಹುಬ್ಬಳ್ಳಿ ದಾಟಿದ ಮ್ಯಾಲೆ ತಾನಾಗೇ ಅಂದ:
"ಕಾಗಿ ದಿನಾ ಸ್ಟ್ಯಾಂಡಿಗೆ ಬರತೈತಿ.
ಗುಬ್ಬಿ ಬರತೈತಿ. ಬಸ್ಸೂ ಬರತೈತಿ, ಹೊಕ್ಕೈತಿ.
ಗಿಳಿ ಶಾಸ್ತ್ರದವನ ಡಬ್ಬ್ಯಾಗ ಇರತೈತಿ ಅಕ್ಕಾ.
ಚೀಟಿ ತಗದು ಮತ್ತ ಒಳಗ ಹೋಗತೈತಿ, ತಾನ."

ಫಾರಂ ನನ್ನ ತೊಡಿಮ್ಯಾಲಿತ್ತು.
ಪಿಂಚಣಿಗೆ ಅದು ಬೇಕು, ಝೆರಾಕ್ಸ್ ಮೂರು.
ಅಣ್ಣಿಗೇರಿಯಿಂದ ಹುಲಕೋಟಿತನಕ
ಆ ನಾಕು ಚಿತ್ರ ಮನಸಿನಾಗ ಹಚ್ಚಿ ಹಚ್ಚಿ ನೋಡಿದೆ,
ಕಾಗಿಯನ್ನ ಬ್ಯಾರೆ ಮಾಡಾಕ, ಗುಬ್ಬಿಯನ್ನ ಬ್ಯಾರೆ ಮಾಡಾಕ.
ಎಷ್ಟು ಹೊಂದಿಸಿದರೂ
ನನಗ ಬಸ್ಸೇ ಬರಾಕತ್ತಿತ್ತು.

ಅವ್ವ ನಿದ್ದಿ ಹೋಗಿದ್ದಳು.
ಬನಪ್ಪ ಖಾಲಿ ಕಂಡಿಕಿ ಕಣ್ಣಿಗೆ ಹಿಡದು
ಅದರ ತೂತಿನಾಗಿಂದ ಹತ್ತಿ ಹೊಲ ನೋಡಾಕತ್ತಿದ್ದ.